ಒಂದು ಮಾಡುವುದು ಬೇರೆ, ನೂರಿಪ್ಪತ್ತು ಮಾಡುವುದು ಬೇರೆ

ಕಾಗದ ಕತ್ತರಿಸುವುದು, ಮಡಿಸುವುದು, ಅಂಟಿಸುವುದು ನನ್ನ ಕಸುಬು. ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸದಿಂದ ಆರಂಭಿಸಿದ ನಾನು, ಮದುವೆಗೆ ಬೇಕಾದ ಸಣ್ಣಪುಟ್ಟ ವಸ್ತುಗಳನ್ನು ಮನೆಯಲ್ಲೇ ಮಾಡಿಕೊಳ್ಳಬೇಕೆನ್ನುವವರಿಗೆ ಕಲಿಸಿಕೊಡುವುದನ್ನೂ ಕೆಲವು ವರ್ಷಗಳಿಂದ ಮಾಡಿಕೊಂಡು ಬಂದಿದ್ದೇನೆ. ಬರುವವರಲ್ಲಿ ಹೆಚ್ಚಿನವರು ಒಂದು ಮಾದರಿಯನ್ನು ಕೈಯಲ್ಲಿ ಹಿಡಿದೇ ಬರುತ್ತಾರೆ. ಆ ಮಾದರಿ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಒಂದೇ ಒಂದನ್ನು, ಬಿಡುವಾದ ಸಂಜೆಯಲ್ಲಿ, ಪ್ರೀತಿಯಿಂದ ಮಾಡಿದ ವಸ್ತು ಚೆನ್ನಾಗಿರದೆ ಇನ್ನೇನಾದೀತು?

ಈಚೆಗೆ ಬಂದ ಒಬ್ಬ ವಧು ತಂದಿದ್ದ ಆಮಂತ್ರಣ ಪತ್ರಿಕೆಯನ್ನೇ ತೆಗೆದುಕೊಳ್ಳಿ. ದಪ್ಪ ಕಾಗದದ ಮಡಿಕೆಯ ಮೇಲೆ ಒತ್ತಿ ಒಣಗಿಸಿದ ಒಂದು ಪುಟ್ಟ ಹೂವು, ಒಳಗೆ ತೆಳು ಹಾಳೆಯಲ್ಲಿ ಮುದ್ರಿಸಿದ ಒಕ್ಕಣೆ, ಎರಡನ್ನೂ ಹಿಡಿದಿಟ್ಟ ರಿಬ್ಬನ್, ಅದರ ತುದಿಯಲ್ಲಿ ಚಿಟ್ಟೆಗಂಟು. ಒಂದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಕೇಳಿದೆ. ಐದಾರು ನಿಮಿಷ ಎಂದರು. ಗಡಿಯಾರವನ್ನು ಎದುರಿಗಿಟ್ಟು ಇನ್ನೊಂದನ್ನು ಮಾಡಲು ಹೇಳಿದೆ; ಹನ್ನೆರಡು ನಿಮಿಷ ಹಿಡಿಯಿತು. ಅವರಿಗೆ ಬೇಕಾಗಿದ್ದುದು 120 ಪತ್ರಿಕೆ. ಹನ್ನೆರಡನ್ನು ನೂರಿಪ್ಪತ್ತರಿಂದ ಗುಣಿಸಿದರೆ 1440 ನಿಮಿಷ, ಅಂದರೆ ಊಟ, ನಿದ್ದೆ ಯಾವುದೂ ಇಲ್ಲದ ಸರಿಯಾಗಿ 24 ಗಂಟೆಗಳ ಕೆಲಸ. ಇದರಲ್ಲಿ ಕೆಟ್ಟುಹೋಗುವ ಹಾಳೆಗಳನ್ನಾಗಲಿ, ಮೇಜು ಒರೆಸುವ ಹೊತ್ತನ್ನಾಗಲಿ ಸೇರಿಸಿಲ್ಲ.

ಈ ಲೆಕ್ಕವನ್ನು ನಾನು ಹೆದರಿಸಲು ಹೇಳುವುದಲ್ಲ. ಕೆಲಸವನ್ನು ಹಂತಗಳಾಗಿ ಬಿಡಿಸಿ ನೋಡಿದಾಗ ಹೊತ್ತು ಎಲ್ಲಿ ಸೋರುತ್ತಿದೆ ಎಂಬುದು ತಾನಾಗಿ ಕಾಣುತ್ತದೆ. ಆ ಪತ್ರಿಕೆಯಲ್ಲಿ ಹನ್ನೆರಡರ ಪೈಕಿ ಐದು ನಿಮಿಷವನ್ನು ಚಿಟ್ಟೆಗಂಟೊಂದೇ ನುಂಗುತ್ತಿತ್ತು, ಏಕೆಂದರೆ ನುಣುಪಾದ ರಿಬ್ಬನ್ ಜಾರುತ್ತದೆ, ಎರಡು ಕುಣಿಕೆಗಳು ಸಮನಾಗುವುದಿಲ್ಲ, ಬಿಚ್ಚಿ ಮತ್ತೆ ಕಟ್ಟಬೇಕಾಗುತ್ತದೆ. ಗಂಟಿನ ಜಾಗದಲ್ಲಿ ಬಣ್ಣದ ಕಾಗದದ ಒಂದು ಪಟ್ಟಿಯನ್ನು ಸುತ್ತಿ ಹಿಂದೆ ಅಂಟಿಸಿದಾಗ ಆ ಹಂತ ಒಂದು ನಿಮಿಷಕ್ಕೆ ಇಳಿಯಿತು, ಒಟ್ಟು ಕೆಲಸದಲ್ಲಿ ಎಂಟು ಗಂಟೆ ಉಳಿಯಿತು. ಇದಲ್ಲದೆ, ಒಂದು ಪತ್ರಿಕೆಯನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗುವ ಬದಲು, ಮೊದಲು ಎಲ್ಲವನ್ನೂ ಕತ್ತರಿಸಿ, ಆಮೇಲೆ ಎಲ್ಲವನ್ನೂ ಮಡಿಸಿ, ಕೊನೆಗೆ ಎಲ್ಲವನ್ನೂ ಅಂಟಿಸಿದರೆ ಕೈಗೆ ಲಯ ಸಿಗುತ್ತದೆ. ಪ್ರತಿಯೊಂದಕ್ಕೂ ಅಳತೆಪಟ್ಟಿ ಹಿಡಿಯಬೇಡಿ. ಪಟ್ಟಿ ಎಲ್ಲಿ ಬರಬೇಕು, ಹೂವು ಎಲ್ಲಿ ಕೂರಬೇಕು ಎಂಬುದಕ್ಕೆ ರಟ್ಟಿನಲ್ಲಿ ಒಂದು ಅಚ್ಚನ್ನು ಕತ್ತರಿಸಿಟ್ಟುಕೊಂಡರೆ ನೂರನೆಯ ಪತ್ರಿಕೆಯೂ ಮೊದಲನೆಯದರಂತೆಯೇ ಇರುತ್ತದೆ.

ಕಾಗದದ ಗಾತ್ರವನ್ನು ಮನಸ್ಸಿಗೆ ಬಂದಂತೆ ನಿರ್ಧರಿಸುವವರು ಆಮೇಲೆ ಲಕೋಟೆ ಸಿಗದೆ ಪೇಚಾಡುತ್ತಾರೆ. ಎ4 ಹಾಳೆಯ ಅಳತೆ 210 ಮತ್ತು 297 ಮಿಲಿಮೀಟರ್. ಅದನ್ನು ಅರ್ಧಕ್ಕೆ ಕತ್ತರಿಸಿದರೆ ಎ5, ಎ5 ಅನ್ನು ಅರ್ಧಕ್ಕೆ ಮಡಿಸಿದರೆ ಎ6 ಗಾತ್ರದ ಪತ್ರಿಕೆ, ಅದಕ್ಕೆ ಹೊಂದುವ ಲಕೋಟೆ 114 ಮತ್ತು 162 ಮಿಲಿಮೀಟರ್ ಅಳತೆಯ ಸಿ6. ಈ ಸರಣಿಯ ತಾಯಿಹಾಳೆಯಾದ ಎ0 ಹೆಚ್ಚುಕಡಿಮೆ ಒಂದು ಚದರ ಮೀಟರ್ ಇರುವುದರಿಂದ ತೂಕವನ್ನು ಮನೆಯಲ್ಲೇ ಲೆಕ್ಕ ಹಾಕಬಹುದು. ಎ4 ಅದರ ಹದಿನಾರನೆಯ ಒಂದು ಪಾಲು, ಎ5 ಮೂವತ್ತೆರಡನೆಯ ಒಂದು ಪಾಲು. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. ಹಾಗಾಗಿ 80 ಜಿಎಸ್‌ಎಂ ಎ4 ಹಾಳೆ 5 ಗ್ರಾಂ ತೂಗಿದರೆ, 300 ಜಿಎಸ್‌ಎಂ ದಪ್ಪ ಕಾಗದದ ಎ5 ತುಂಡು 9 ಗ್ರಾಂ ದಾಟುತ್ತದೆ. ಅಂಚೆಯಲ್ಲಿ ಕಳುಹಿಸುವುದಾದರೆ ಒಳಹಾಳೆ, ಅಲಂಕಾರ, ಲಕೋಟೆ ಎಲ್ಲವೂ ಸೇರಿದ ಒಂದು ಪೂರ್ಣ ಪತ್ರಿಕೆಯನ್ನು ತೂಗಿಸಿದ ಮೇಲೆಯೇ ಅಂಚೆಚೀಟಿ ಕೊಳ್ಳುವುದು ಒಳ್ಳೆಯದು. ಮಣಿ, ಗುಂಡಿ, ದಪ್ಪ ಗಂಟುಗಳು ಲಕೋಟೆಯ ಒಳಗಿನಿಂದ ಉಬ್ಬಿ ನಿಂತು ದಾರಿಯಲ್ಲಿ ಅದನ್ನು ಹರಿದುಬಿಡುತ್ತವೆ. ಅಂಥವನ್ನು ಕೈಯಾರೆ ಕೊಡುವ ಪತ್ರಿಕೆಗಳಿಗಷ್ಟೇ ಇಟ್ಟುಕೊಳ್ಳಿ.

ಇನ್ನು ಕಾಗದದ ಎಳೆಯ ವಿಷಯ. ಮನೆಯಲ್ಲಿ ಮಾಡಿದ ಪತ್ರಿಕೆ ಒರಟಾಗಿ ಕಾಣಲು ದೊಡ್ಡ ಕಾರಣ ಇದೇ, ಆದರೂ ಇದನ್ನು ಹೇಳಿಕೊಡುವವರು ಕಡಿಮೆ. ಯಂತ್ರದಲ್ಲಿ ಕಾಗದ ತಯಾರಾಗುವಾಗ ಅದರ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗುತ್ತವೆ. ಆ ದಿಕ್ಕಿಗೆ ಸಮಾನಾಂತರವಾಗಿ ಮಡಿಸಿದರೆ ಮಡಿಕೆ ಚೂಪಾಗಿ, ತೆಪ್ಪಗೆ ಕೂರುತ್ತದೆ. ಅಡ್ಡಲಾಗಿ ಮಡಿಸಿದರೆ ನಾರುಗಳು ಮುರಿದು, ಮೇಲಿನ ಬಣ್ಣ ಬಿರಿದು, ಒಳಗಿನ ಬಿಳುಪು ಹಲ್ಲು ಕಿರಿದಂತೆ ಕಾಣುತ್ತದೆ. ದಿಕ್ಕನ್ನು ತಿಳಿಯುವುದು ಸುಲಭ. ಹಾಳೆಯನ್ನು ಮೇಜಿನ ಮೇಲಿಟ್ಟು ಮಡಿಸದೆ ಬರಿದೇ ಬಾಗಿಸಿ ಅಂಗೈಯಿಂದ ಮೆಲ್ಲಗೆ ಒತ್ತಿ, ಆಮೇಲೆ ಹಾಳೆಯನ್ನು ತಿರುಗಿಸಿ ಇನ್ನೊಂದು ದಿಕ್ಕಿನಲ್ಲಿ ಹಾಗೆಯೇ ಮಾಡಿ. ಯಾವ ಕಡೆ ಅಂಗೈಗೆ ಕಡಿಮೆ ಪ್ರತಿರೋಧ ತಟ್ಟುತ್ತದೆಯೋ ಆ ಬಾಗಿನ ಗೆರೆಯೇ ಎಳೆಯ ದಿಕ್ಕು. ಅನುಮಾನವಿದ್ದರೆ ಒಂದು ಚಿಕ್ಕ ತುಂಡಿನ ಒಂದು ಮೈಯನ್ನು ಒದ್ದೆ ಮಾಡಿ ನೋಡಿ, ಅದು ಸುರುಳಿಯಾಗುವಾಗ ಸುರುಳಿಯ ಕೊಳವೆ ಎಳೆಯ ಉದ್ದಕ್ಕೇ ನಿಲ್ಲುತ್ತದೆ.

ಎ4 ಹಾಳೆಗಳಲ್ಲಿ ಎಳೆ ಸಾಮಾನ್ಯವಾಗಿ ಉದ್ದದ ಬದಿಗೆ ಓಡುತ್ತದೆ. ಹಾಗಾಗಿ ಎ4 ಅನ್ನೇ ನೇರವಾಗಿ ಅರ್ಧಕ್ಕೆ ಮಡಿಸಿದರೆ ಮಡಿಕೆ ಎಳೆಗೆ ಅಡ್ಡವಾಗುತ್ತದೆ. ಅದೇ ಹಾಳೆಯನ್ನು ಎ5 ಆಗಿ ಕತ್ತರಿಸಿ ಆಮೇಲೆ ಮಡಿಸಿದರೆ ಎಳೆಯ ಜೊತೆಗೇ ಸಾಗುತ್ತದೆ. ಇದು ಗೊತ್ತಿದ್ದೂ ನಾನೇ ಒಮ್ಮೆ ಅವಸರದಲ್ಲಿ ಕಡುನೀಲಿ ಬಣ್ಣದ ಎಂಬತ್ತು ದಪ್ಪ ಹಾಳೆಗಳನ್ನು ಎ4 ಗಾತ್ರದಲ್ಲೇ ಮಡಿಸಿ, ಎಂಬತ್ತರ ಬೆನ್ನಿನಲ್ಲೂ ಬಿಳಿ ಬಿರುಕು ಕಂಡು, ರಾತ್ರಿ ಕುಳಿತು ಒಂದೊಂದರ ಬೆನ್ನಿಗೂ ತೆಳು ಪಟ್ಟಿ ಅಂಟಿಸಿದ್ದುಂಟು. ನೋಡಿದವರು ಅದನ್ನೇ ವಿನ್ಯಾಸವೆಂದು ಹೊಗಳಿದರು. ನಾನು ಸುಮ್ಮನಿದ್ದೆ.

ಸುಮಾರು 200 ಜಿಎಸ್‌ಎಂಗಿಂತ ದಪ್ಪದ ಕಾಗದವಾದರೆ ಎಳೆ ಸರಿಯಿದ್ದರೂ ಮಡಿಸುವ ಮೊದಲು ಗೆರೆ ಒತ್ತಿಕೊಳ್ಳಬೇಕು. ಅದಕ್ಕೆ ಮೂಳೆಯ ಅಥವಾ ಪ್ಲಾಸ್ಟಿಕ್ಕಿನ ಮಡಿಕೆಪಟ್ಟಿ ಸಿಗುತ್ತದೆ. ಶಾಯಿ ಮುಗಿದ ಬಾಲ್‌ಪೆನ್ನೂ ಸ್ಟೀಲ್ ಸ್ಕೇಲೂ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತವೆ. ಒತ್ತಿದ ಕಡೆ ತಗ್ಗಾಗಿ ಹಿಂಬದಿಯಲ್ಲಿ ಸಣ್ಣ ಉಬ್ಬು ಮೂಡುತ್ತದೆ. ಆ ಉಬ್ಬು ಮಡಿಕೆಯ ಒಳಗೆ ಬರುವಂತೆ ಮಡಿಸಬೇಕು. ಎಲ್ಲರ ಕೈಯೂ ಇದಕ್ಕೆ ವಿರುದ್ಧವಾಗಿಯೇ ಹೋಗುತ್ತದೆ, ಆದ್ದರಿಂದ ಎರಡು ಸಲ ಹೇಳುವುದು ನನ್ನ ರೂಢಿ: ಉಬ್ಬು ಒಳಗೆ, ತಗ್ಗು ಹೊರಗೆ.

ಮುದ್ರಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮನೆಯ ಇಂಕ್‌ಜೆಟ್ ಯಂತ್ರದ ಸಾಮಾನ್ಯ ಶಾಯಿ ನೀರು ತಾಗಿದರೆ ಹರಡುತ್ತದೆ. ಲೇಸರ್ ಯಂತ್ರದ ಪುಡಿ ನೀರಿಗೆ ಹೆದರುವುದಿಲ್ಲ, ಆದರೆ ಮಡಿಕೆಯ ಮೇಲೆ ಬಂದರೆ ಉದುರುತ್ತದೆ. ಮುದ್ರಿಸುವ ಮೊದಲು ತಾರೀಖು ಮತ್ತು ವಾರ ಒಂದಕ್ಕೊಂದು ತಾಳೆಯಾಗುತ್ತವೆಯೇ ಎಂದು ಕ್ಯಾಲೆಂಡರಿನಲ್ಲಿ ನೋಡಿ, ಒಕ್ಕಣೆ ಬರೆದವರನ್ನು ಬಿಟ್ಟು ಬೇರೊಬ್ಬರಿಂದ ಗಟ್ಟಿಯಾಗಿ ಓದಿಸಿ. ಬರೆದವರ ಕಣ್ಣು ತನ್ನ ತಪ್ಪನ್ನು ತಾನೇ ತಿದ್ದಿಕೊಂಡು ಮುಂದೆ ಹೋಗಿಬಿಡುತ್ತದೆ.

ಅಂಟಿನ ಆಯ್ಕೆಯಲ್ಲಿ ಬಹಳ ಜನ ಎಡವುತ್ತಾರೆ. ಬಿಳಿ ಅಂಟಿನಲ್ಲಿ ನೀರಿರುತ್ತದೆ, ಆ ನೀರನ್ನು ಹೀರಿದ ಕಾಗದ ಹಿಗ್ಗಿ, ಒಣಗುವಾಗ ಅಲೆಯಲೆಯಾಗುತ್ತದೆ. ತೀರ ತೆಳುವಾಗಿ ಹಚ್ಚಿ, ಎರಡು ಶುಭ್ರ ಹಾಳೆಗಳ ನಡುವೆ ಇಟ್ಟು, ಮೇಲೆ ಭಾರ ಹೇರಿ ರಾತ್ರಿಯಿಡೀ ಬಿಟ್ಟರೆ ಅದು ಚಪ್ಪಟೆಯಾಗಿ ಒಣಗುತ್ತದೆ. ಅಷ್ಟು ತಾಳ್ಮೆ ಇಲ್ಲದವರಿಗೆ ಎರಡೂ ಬದಿ ಅಂಟಿರುವ ಟೇಪೇ ಸರಿ. ಹೂವು, ರಿಬ್ಬನ್, ಮರದ ಕಡ್ಡಿಗಳಿಗೆ ಗ್ಲೂ ಗನ್ ಅನುಕೂಲವೆಂಬುದು ನಿಜ, ಆದರೆ ಬಿಸಿಯಿಂದ ಕರಗಿ ಅಂಟಿದ್ದು ಬಿಸಿಯಿಂದಲೇ ಮೆತ್ತಗಾಗುತ್ತದೆ ಎಂಬುದನ್ನು ಮರೆಯಬಾರದು. ಬಿಸಿಲಿನಲ್ಲಿ ನಿಲ್ಲಿಸಿದ, ಕಿಟಕಿ ಮುಚ್ಚಿದ ಕಾರಿನಲ್ಲಿ ಅಲಂಕಾರದ ಪೆಟ್ಟಿಗೆಯನ್ನು ಬಿಟ್ಟುಹೋದವರು ಸಂಜೆ ಬಂದು ನೋಡಿದರೆ ಹೂವುಗಳೆಲ್ಲ ಕಡ್ಡಿಯಿಂದ ಕಳಚಿ ಪೆಟ್ಟಿಗೆಯ ತಳ ಸೇರಿರುತ್ತವೆ. ಹೆಚ್ಚಿನ ಶಾಖದ ಗನ್ ಸುಮಾರು 190 ಡಿಗ್ರಿ ಸೆಲ್ಸಿಯಸ್ಸಿಗೂ ಕಡಿಮೆ ಶಾಖದ್ದು ಸುಮಾರು 120 ಡಿಗ್ರಿಗೂ ಕಾಯುತ್ತದೆ. ಕಾಗದದ ಕೆಲಸಕ್ಕೆ ಎರಡನೆಯದು ಸಾಕು, ಮಕ್ಕಳ ಕೈಗೆ ಎರಡೂ ಬೇಡ. ಬೆರಳು ಸುಟ್ಟರೆ ಹರಿಯುವ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯಬೇಕು.

ಕಾಗದದ ಹೂವುಗಳಿಗೂ ಎಳೆಯ ನಿಯಮ ಅನ್ವಯಿಸುತ್ತದೆ. ಕ್ರೇಪ್ ಕಾಗದದ ನಿರಿಗೆಗಳು ಎಸಳಿನ ಬುಡದಿಂದ ತುದಿಯ ಕಡೆಗೆ ನಿಲ್ಲುವಂತೆ ಕತ್ತರಿಸಿ, ಎರಡು ಹೆಬ್ಬೆರಳುಗಳಿಂದ ನಡುವೆ ಮೆಲ್ಲಗೆ ಅಡ್ಡಕ್ಕೆ ಎಳೆದರೆ ಎಸಳು ಬಟ್ಟಲಿನಂತೆ ತುಂಬಿಕೊಳ್ಳುತ್ತದೆ. ನಿರಿಗೆ ಅಡ್ಡಲಾಗಿದ್ದರೆ ಎಷ್ಟು ಎಳೆದರೂ ಅದು ಚಪ್ಪಟೆಯಾಗಿಯೇ ಉಳಿಯುತ್ತದೆ. ಕ್ರೇಪಿನ ಬಣ್ಣ ನೀರಿನಲ್ಲಿ ಬಿಡುತ್ತದೆ, ಬಿಸಿಲಿಗೆ ಮಂಕಾಗುತ್ತದೆ. ಬಿಳಿ ಮೇಜುಬಟ್ಟೆಯ ಮೇಲೆ ನೀರಿನ ಲೋಟದ ಪಕ್ಕದಲ್ಲಿ ಕೆಂಪು ಕ್ರೇಪ್ ಹೂವನ್ನು ಇಡುವ ಮೊದಲು ಇದನ್ನು ನೆನಪಿಸಿಕೊಳ್ಳಿ.

ಒಂದು ಹೂವಿಗೆ ಎಷ್ಟು ಎಸಳು ಬೇಕು ಎಂದು ಕೇಳಿದರೆ, ಅದನ್ನು ಎಷ್ಟು ದೂರದಿಂದ ನೋಡುತ್ತಾರೆ ಎಂದು ನಾನು ಮರುಪ್ರಶ್ನೆ ಹಾಕುತ್ತೇನೆ. ಬಾಗಿಲಿನ ಮೇಲೆ, ಮೂರು ಮೀಟರ್ ಎತ್ತರದಲ್ಲಿ ತೂಗುವ ಹೂವಿಗೆ ಐದು ಎಸಳು ಧಾರಾಳವಾಯಿತು. ಅಲ್ಲಿ ಹದಿನೈದು ಎಸಳು ಕಟ್ಟಿದವರ ಶ್ರಮ ಕಟ್ಟಿದವರಿಗೆ ಮಾತ್ರ ಗೊತ್ತು. ಜನ ಕೈಯಲ್ಲಿ ಹಿಡಿದು ನೋಡುವ ಆಮಂತ್ರಣ, ಮೇಜಿನ ಮೇಲಿನ ಹೆಸರಿನ ಚೀಟಿ, ಅತಿಥಿಗಳು ಮನೆಗೆ ಒಯ್ಯುವ ಪುಟ್ಟ ಪೊಟ್ಟಣ, ಇವುಗಳ ಅಂಚು ಮತ್ತು ಮೂಲೆಗಳಿಗೆ ಆ ಶ್ರಮ ಸಲ್ಲಬೇಕು. ನನ್ನ ಅನುಭವದಲ್ಲಿ ಸೋಲುವ ಯೋಜನೆಗಳಲ್ಲಿ ಅರ್ಧದಷ್ಟು, ದೂರದ ವಸ್ತುಗಳಿಗೆ ಹತ್ತಿರದ ವಸ್ತುಗಳ ಅಚ್ಚುಕಟ್ಟುತನವನ್ನು ಸುರಿದು, ಕೊನೆಗೆ ಹತ್ತಿರದವುಗಳಿಗೆ ಸಮಯವೇ ಉಳಿಯದೆ ಸೋತವು.

ಬಟ್ಟೆಯ ತೋರಣಕ್ಕೂ ಗುಣಾಕಾರವೇ ಆಧಾರ. ತ್ರಿಕೋನದ ಅಗಲ 20 ಸೆಂಟಿಮೀಟರ್, ನಡುವಿನ ಅಂತರ 5 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಮೀಟರಿಗೆ ನಾಲ್ಕು ತ್ರಿಕೋನಗಳು, ಹತ್ತು ಮೀಟರಿಗೆ ನಲವತ್ತು. ದಾರ ನಡುವೆ ಜೋಲುವುದರಿಂದ ಮತ್ತು ತುದಿಗಳನ್ನು ಕಟ್ಟಬೇಕಾಗಿರುವುದರಿಂದ ಅಳತೆಗಿಂತ ಸ್ವಲ್ಪ ಉದ್ದವಾಗಿಯೇ ಇಟ್ಟುಕೊಳ್ಳಬೇಕು. ಅಂಚು ಹೊಲಿಯುವ ಬದಲು ಹಲ್ಲಿನ ಕತ್ತರಿಯಿಂದ ಕತ್ತರಿಸಿದರೆ ಒಂದು ದಿನದ ಬಳಕೆಗೆ ನೂಲು ಅಷ್ಟಾಗಿ ಬಿಡುವುದಿಲ್ಲ. ಮೊಳೆ, ಟೇಪು ಹಾಕಲು ಸಭಾಂಗಣದವರು ಒಪ್ಪುತ್ತಾರೆಯೇ ಎಂಬುದನ್ನು ಬಟ್ಟೆ ಕೊಳ್ಳುವ ಮೊದಲೇ ಕೇಳಿ ತಿಳಿಯಿರಿ. ಕಾಗದ ಮತ್ತು ಬಟ್ಟೆಯ ಅಲಂಕಾರದ ಹತ್ತಿರ ಉರಿಯುವ ಮೇಣದಬತ್ತಿಯನ್ನು ಇಡುವುದನ್ನು ನಾನು ಯಾವ ಮದುವೆಯಲ್ಲೂ ಒಪ್ಪುವುದಿಲ್ಲ. ಬ್ಯಾಟರಿಯ ಸಣ್ಣ ದೀಪಗಳು ಅಷ್ಟು ಚೆಂದವಲ್ಲ ಎನ್ನುವವರೊಂದಿಗೆ ವಾದಿಸುವುದನ್ನೂ ಬಿಟ್ಟಿದ್ದೇನೆ.

ಯಾವುದನ್ನು ಮೊದಲು ಮಾಡಬೇಕೆಂಬ ಪ್ರಶ್ನೆಗೆ ಉತ್ತರ, ಯಾವ ಕೆಲಸ ಯಾವುದಕ್ಕಾಗಿ ಕಾಯುತ್ತಿದೆ ಎಂಬುದರಲ್ಲಿದೆ. ತೋರಣ, ಕಾಗದದ ಹೂವುಗಳು, ದಾರಿ ತೋರಿಸುವ ಫಲಕಗಳು ಅತಿಥಿಗಳ ಸಂಖ್ಯೆಗಾಗಿ ಕಾಯುವುದಿಲ್ಲ. ಅವನ್ನು ತಿಂಗಳುಗಳ ಮೊದಲೇ ಮುಗಿಸಿ, ಬೆಳಕು ಮತ್ತು ತೇವ ತಾಗದ ಪೆಟ್ಟಿಗೆಯಲ್ಲಿಡಬಹುದು. ಹೂವನ್ನು ಹೀರುಕಾಗದದ ನಡುವೆ ಒತ್ತಿ ಒಣಗಿಸಲು ಎರಡರಿಂದ ನಾಲ್ಕು ವಾರ ಹಿಡಿಯುವುದರಿಂದ ಆ ಕೆಲಸವನ್ನು ಆಮಂತ್ರಣಕ್ಕೂ ಮೊದಲೇ ಹಿಡಿಯಬೇಕು, ಮೊದಲ ಕೆಲವು ದಿನ ಹೀರುಕಾಗದವನ್ನು ಬದಲಿಸುತ್ತಿರಬೇಕು, ಇಲ್ಲದಿದ್ದರೆ ಎಸಳು ಕಂದಾಗುತ್ತದೆ. ಹೆಸರಿನ ಚೀಟಿಗಳು ಮಾತ್ರ ಕೊನೆಯವರೆಗೂ ಬದಲಾಗುವ ಪಟ್ಟಿಯನ್ನು ಅವಲಂಬಿಸಿರುವುದರಿಂದ, ಚೀಟಿಗಳನ್ನು ಕತ್ತರಿಸಿ ಮಡಿಸಿ ಖಾಲಿಯಾಗಿಯೇ ಇಟ್ಟುಕೊಂಡು ಹೆಸರನ್ನು ಕೊನೆಯ ವಾರ ಬರೆಯುವುದು ಜಾಣತನ. ತಾಜಾ ಹೂವಿನ ಪುಟ್ಟ ಗುಚ್ಛಗಳನ್ನು ಹಿಂದಿನ ದಿನಕ್ಕಿಂತ ಮೊದಲು ಕಟ್ಟಬಾರದು, ಕಟ್ಟಿದ್ದನ್ನು ಹಣ್ಣುಗಳಿರುವ ಫ್ರಿಜ್ಜಿನಲ್ಲಿ ಇಡಬಾರದು. ಮಾಗುವ ಹಣ್ಣು ಬಿಡುವ ಎಥಿಲೀನ್ ಅನಿಲ ಅನೇಕ ಹೂವುಗಳನ್ನು, ಮುಖ್ಯವಾಗಿ ಕಾರ್ನೇಷನ್ನುಗಳನ್ನು, ಬೇಗ ಬಾಡಿಸುತ್ತದೆ.

ಸ್ನೇಹಿತರನ್ನು ಒಂದು ಸಂಜೆ ಕರೆದು ಎಲ್ಲವನ್ನೂ ಮುಗಿಸಿಬಿಡುತ್ತೇವೆ ಎನ್ನುವವರಿಗೆ ನಾನು ಅಡ್ಡಿ ಹೇಳುವುದಿಲ್ಲ, ಆದರೆ ಎಲ್ಲರೂ ಎಲ್ಲವನ್ನೂ ಮಾಡಲು ಬಿಡಬೇಡಿ ಎನ್ನುತ್ತೇನೆ. ಆರು ಜನ ಮಾಡಿದ ಆರು ಬಗೆಯ ಪತ್ರಿಕೆಗಳಿಗಿಂತ, ಒಬ್ಬರು ಗೆರೆ ಒತ್ತಿ, ಒಬ್ಬರು ಮಡಿಸಿ, ಒಬ್ಬರು ಪಟ್ಟಿ ಸುತ್ತಿದ ಒಂದೇ ಬಗೆಯ ಪತ್ರಿಕೆಗಳು ಮೇಲು. ಕಟರನ್ನು ಮಾತು ಕಡಿಮೆ ಆಡುವವರ ಕೈಗೆ ಕೊಡಿ. ಮೊಂಡಾದ ಅಲಗು ಕಾಗದವನ್ನು ಕತ್ತರಿಸದೆ ಹರಿಯುವುದರಿಂದ, ಅಲಗಿನ ತುದಿಯನ್ನು ಆಗಾಗ ಮುರಿದು ಹೊಸದು ಮಾಡಿಕೊಳ್ಳಲು ಅವರಿಗೆ ನೆನಪಿಸಿ.

ಆ ವಧು ಕೊನೆಗೆ 120ರ ಜಾಗದಲ್ಲಿ 132 ಪತ್ರಿಕೆಗಳನ್ನು ಮಾಡಿದರು, ಏಕೆಂದರೆ ನೂರಕ್ಕೆ ಹತ್ತು ಹೆಚ್ಚು ಇಟ್ಟುಕೊಳ್ಳಿ ಎಂದು ನಾನು ಒತ್ತಾಯಿಸಿದ್ದೆ. ಉಳಿಯಬಹುದೆಂದುಕೊಂಡ ಹನ್ನೆರಡರಲ್ಲಿ ಐದು ಅಂಟಿನ ಕಲೆಗೆ ಹೋದವು, ನಾಲ್ಕು ಮರೆತುಹೋಗಿದ್ದ ನೆಂಟರಿಗೆ ಹೋದವು. ಮದುವೆಯ ದಿನಕ್ಕೆಂದು ಅವರ ಕೈಗೆ ನಾನು ಒಂದು ಡಬ್ಬಿ ಕೊಟ್ಟು ಕಳುಹಿಸಿದೆ: ಸಣ್ಣ ಕತ್ತರಿ, ಟೇಪು, ದಾರ, ಹತ್ತು ಖಾಲಿ ಹೆಸರಿನ ಚೀಟಿಗಳು, ಬೇರೆ ಕಾಗದದ ಮೇಲೆ ಬರೆದು ಪರೀಕ್ಷಿಸಿದ ಒಂದು ಕಪ್ಪು ಪೆನ್ನು. ಚೀಟಿಗಳಲ್ಲಿ ಏಳು ಖರ್ಚಾದವಂತೆ. ಪೆನ್ನನ್ನು ಮಾತ್ರ ಯಾರೋ ತೆಗೆದುಕೊಂಡು ಹೋದರಂತೆ, ಹಾಗಾಗಿ ಈಗ ಡಬ್ಬಿಯಲ್ಲಿ ಎರಡು ಪೆನ್ನು ಇಡುತ್ತೇನೆ.