ಮರಗೆಣಸಿನ ಮೇಲೆ ಹೊರಿಸಿದ ತಪ್ಪು

"ಡಾಕ್ಟ್ರೇ, ನಾನೇ ಕೊಟ್ಟದ್ದು ಅವನಿಗೆ ಮರಗೆಣಸು. ಆಗ ಮನೆಯಲ್ಲಿ ಬೇರೆ ಎಂತ ಇರಲಿಲ್ಲ."

ಇಷ್ಟು ಹೇಳಿ ಆ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಪಕ್ಕದಲ್ಲಿ ಕೂತಿದ್ದ ಮಗನಿಗೆ 23 ವರ್ಷ. ಐದೂವರೆ ಅಡಿ ಎತ್ತರ, 45 ಕೆಜಿ ತೂಕ. ಮಂಗಳೂರಿನ ದಕ್ಕೆಯಲ್ಲಿ ಮೀನಿನ ಬುಟ್ಟಿ ಹೊರುವ ಕೆಲಸ. ಸಕ್ಕರೆ ಕಾಯಿಲೆ ಇದೆ ಎಂದು ಆರು ತಿಂಗಳ ಹಿಂದೆ ಗೊತ್ತಾಗಿತ್ತು. ಮಾತ್ರೆ ನುಂಗಿದರೂ ಶುಗರ್ 400ರ ಆಸುಪಾಸಿನಲ್ಲೇ ಇತ್ತು.

ಮರಗೆಣಸಿನ ಮಾತು ಬಂದದ್ದು ನನ್ನಿಂದಲ್ಲ. ಕಾಸರಗೋಡು ಕಡೆಯ ಅವರ ನೆಂಟರೊಬ್ಬರು "ಇದು ಮರಗೆಣಸು ತಿಂದು ಬರುವ ಕಾಯಿಲೆ" ಎಂದು ಹೇಳಿಬಿಟ್ಟಿದ್ದರು. ಅವರು ಸುಮ್ನೆ ಹೇಳಿದ್ದೂ ಅಲ್ಲ. ಒಂದು ಕಾಲದಲ್ಲಿ ವೈದ್ಯರೇ ಹಾಗೆ ಅಂದುಕೊಂಡಿದ್ದರು. ಆ ಕಥೆಯನ್ನು ಪೂರ್ತಿ ಹೇಳಬೇಕು ಅನ್ನಿಸಿದೆ. ಆ ತಾಯಿಯ ಹಾಗೆ ತಮ್ಮನ್ನೇ ತಪ್ಪಿತಸ್ಥರು ಅಂದುಕೊಂಡವರು ನಮ್ಮ ಕರಾವಳಿಯಲ್ಲಿ ಇನ್ನೂ ಇರಬಹುದು.

ಮೊದಲು ಹುಡುಗನ ವಿಷಯ. ಇಷ್ಟು ಸಣ್ಣ ವಯಸ್ಸು, ಇಷ್ಟು ಸಪೂರ ಮೈ, ಇಷ್ಟು ಶುಗರ್ ಕಂಡರೆ ಯಾರಿಗೂ ನೆನಪಾಗುವುದು ಟೈಪ್ 1 ಡಯಾಬಿಟಿಸ್, ಅಂದರೆ ಮೈಯಲ್ಲಿ ಇನ್ಸುಲಿನ್ ಹೆಚ್ಚುಕಡಿಮೆ ಇಲ್ಲದೇ ಹೋಗುವ ಸಕ್ಕರೆ ಕಾಯಿಲೆ. ಆದರೆ ಟೈಪ್ 1 ಇದ್ದವರು ಇನ್ಸುಲಿನ್ ಇಲ್ಲದೆ ಆರು ತಿಂಗಳು ಹೀಗೆ ಓಡಾಡಿಕೊಂಡು ಇರುವುದು ಕಷ್ಟ. ಇನ್ಸುಲಿನ್ ಇಲ್ಲದಾಗ ದೇಹ ಕೊಬ್ಬನ್ನು ಸುಡುತ್ತದೆ, ಅದರಿಂದ ಹುಟ್ಟುವ ಕೀಟೋನ್ ಎಂಬ ಆಮ್ಲ ರಕ್ತದಲ್ಲಿ ತುಂಬುತ್ತದೆ, ಜನ ಎಮರ್ಜೆನ್ಸಿಗೆ ಬರುತ್ತಾರೆ. ಇವನ ಮೂತ್ರದಲ್ಲಿ ಕೀಟೋನ್ ಇರಲೇ ಇಲ್ಲ. ಮೈಯಲ್ಲಿ ಅಲ್ಪಸ್ವಲ್ಪ ಇನ್ಸುಲಿನ್ ಇನ್ನೂ ಉಳಿದಿದೆ ಅಂತ ಆಯಿತು.

"ಸಣ್ಣವನಿರುವಾಗ ಇವನಿಗೆ ಹೊಟ್ಟೆನೋವು ಬರುತ್ತಿತ್ತಾ?" ಎಂದು ಕೇಳಿದೆ.

ತಾಯಿ ತಟ್ಟನೆ ತಲೆ ಎತ್ತಿದರು. "ಅದು ನಿಮಗೆ ಹೇಗೆ ಗೊತ್ತಾಯಿತು ಡಾಕ್ಟ್ರೇ? ಹತ್ತು ವರ್ಷದವನಿರುವಾಗ ನೋವು ಬಂದರೆ ಮೊಣಕಾಲು ಎದೆಗೆ ಹಿಡಿದುಕೊಂಡು ಮಲಗುತ್ತಿದ್ದ. ಗ್ಯಾಸ್ಟ್ರಿಕ್ ಅಂದರು, ಹುಳ ಅಂದರು. ಆಮೇಲೆ ಅದರಷ್ಟಕ್ಕೇ ನಿಂತುಹೋಯಿತು. ತಿಂದದ್ದು ಮಾತ್ರ ಮೈಗೆ ಹತ್ತುವುದೇ ಇಲ್ಲ."

ಇನ್ನೊಂದು ಪ್ರಶ್ನೆ ಕೇಳಲು ಸ್ವಲ್ಪ ಮುಜುಗರ, ಆದರೂ ಕೇಳಲೇಬೇಕು. ಮಲದಲ್ಲಿ ಎಣ್ಣೆ ತೇಲುತ್ತದಾ? ಎಷ್ಟು ನೀರು ಹಾಕಿದರೂ ಹೋಗುವುದಿಲ್ಲವಾ? ಹುಡುಗ ನಾಚಿಕೊಂಡೇ ಹೌದು ಎಂದ. ಯಾರಿಗೂ ಹೇಳಿರಲಿಲ್ಲವಂತೆ.

ಹೊಟ್ಟೆಯ ಒಂದು ಮಾಮೂಲಿ ಎಕ್ಸ್‌ರೇ ಸಾಕಾಯಿತು. ಬೆನ್ನುಮೂಳೆಯ ಎರಡೂ ಬದಿಗೆ, ಕಲ್ಲುಪ್ಪು ಚೆಲ್ಲಿದ ಹಾಗೆ ಬಿಳಿ ಚುಕ್ಕೆಗಳು. ಮೇದೋಜೀರಕ ಗ್ರಂಥಿಯ ತುಂಬ ಕಲ್ಲು.

ಇದಕ್ಕೆ ಫೈಬ್ರೋಕ್ಯಾಲ್ಕುಲಸ್ ಪ್ಯಾಂಕ್ರಿಯಾಟಿಕ್ ಡಯಾಬಿಟಿಸ್ ಎಂಬ ಉದ್ದದ ಹೆಸರಿದೆ. ಈ ಗ್ರಂಥಿ ಎರಡು ಕೆಲಸ ಮಾಡುತ್ತದೆ. ಊಟ ಜೀರ್ಣಿಸುವ ರಸವನ್ನು ಕರುಳಿಗೆ ಬಿಡುತ್ತದೆ, ಇನ್ಸುಲಿನ್ನನ್ನು ರಕ್ತಕ್ಕೆ ಬಿಡುತ್ತದೆ. ಚಿಕ್ಕ ವಯಸ್ಸಿನಲ್ಲೇ ಅದಕ್ಕೆ ಪದೇ ಪದೇ ಉರಿಯೂತ ಆಗಿ, ಕಲ್ಲು ಕಟ್ಟಿ, ಗ್ರಂಥಿ ನಾರಿನಂತೆ ಗಟ್ಟಿಯಾದರೆ ಎರಡೂ ಕೆಲಸ ಕೆಡುತ್ತವೆ. ಮೊದಲು ಹೊಟ್ಟೆನೋವು. ಆಮೇಲೆ ಎಣ್ಣೆಮಲ. ಕೊನೆಗೆ ಶುಗರ್. ಶುಗರ್ ಬರುವ ಹೊತ್ತಿಗೆ ಎಷ್ಟೋ ಜನರಲ್ಲಿ ನೋವು ಕಡಿಮೆಯಾಗಿರುತ್ತದೆ. ಹಾಗಾಗಿ ಹಳೆಯ ನೋವಿಗೂ ಈಗಿನ ಶುಗರಿಗೂ ಸಂಬಂಧ ಇದೆ ಎಂದು ಮನೆಯವರಿಗೆ ಹೊಳೆಯುವುದೇ ಇಲ್ಲ. ಅವರಾಗಿ ಹೇಳುವುದಿಲ್ಲ, ನಾವೇ ಕೇಳಬೇಕು.

ನಾನೂ ಒಮ್ಮೆ ಕೇಳಲಿಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಹೆಣ್ಣುಮಗಳಿಗೆ ಒಂದು ವರ್ಷ ಟೈಪ್ 2 ಎಂದೇ ಮಾತ್ರೆ ಕೊಟ್ಟೆ. ಸಪೂರ ಇದ್ದವಳು ಇನ್ನೂ ಸಪೂರ ಆದಳು. ಬೇರೆ ಕಾರಣಕ್ಕೆ ತೆಗೆದ ಸ್ಕ್ಯಾನಿನಲ್ಲಿ ಕಲ್ಲು ಕಂಡಾಗಲೇ ನನಗೆ ಗೊತ್ತಾದದ್ದು. ಆ ಒಂದು ವರ್ಷ ಈಗಲೂ ನನ್ನನ್ನು ಚುಚ್ಚುತ್ತದೆ.

ಈಗ ಮರಗೆಣಸಿಗೆ ಬರೋಣ. ಕೇರಳದ ಡಾ. ಗೀವರ್ಗೀಸ್ ಇಂಥ ರೋಗಿಗಳ ವಿವರವನ್ನು 1960ರ ದಶಕದಿಂದಲೇ ಕೂಡಿಸುತ್ತಾ ಬಂದರು. ಒಂದಲ್ಲ ಎರಡಲ್ಲ, ಸಾವಿರಕ್ಕೂ ಜಾಸ್ತಿ. ಹೆಚ್ಚಿನವರು ಬಡವರು, ಹೆಚ್ಚಿನವರು ಸಪೂರ, ಹೆಚ್ಚಿನವರ ಮನೆಯಲ್ಲಿ ಮರಗೆಣಸೇ ಊಟ. ಹಸಿ ಮರಗೆಣಸಿನಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶ ಇದೆ. ಪ್ರೋಟೀನ್ ಕಡಿಮೆ ತಿನ್ನುವ ದೇಹಕ್ಕೆ ಆ ವಿಷವನ್ನು ತೆಗೆದುಹಾಕುವ ಶಕ್ತಿ ಕಡಿಮೆ. ಎರಡನ್ನೂ ಜೋಡಿಸಿ, ಸಯನೈಡೇ ಗ್ರಂಥಿಯನ್ನು ಕೆಡಿಸುತ್ತಿರಬಹುದು ಎಂಬ ಊಹೆಯನ್ನು 1979ರಲ್ಲಿ ಮ್ಯಾಕ್‌ಮಿಲನ್ ಮತ್ತು ಗೀವರ್ಗೀಸ್ ಪ್ರಕಟಿಸಿದರು. ಒಳ್ಳೆಯ ಊಹೆ ಅದು. ಕಣ್ಣೆದುರು ಇದ್ದದ್ದನ್ನೆಲ್ಲ ವಿವರಿಸುತ್ತಿತ್ತು.

ಆದರೆ ರೋಗಿಗಳನ್ನು ಮಾತ್ರ ನೋಡಿದರೆ ಒಂದು ತೊಂದರೆ ಇದೆ. ಅದೇ ಬೀದಿಯಲ್ಲಿ ಅದೇ ಮರಗೆಣಸು ತಿಂದು ಆರಾಮವಾಗಿ ಇದ್ದವರು ಆಸ್ಪತ್ರೆಗೆ ಬರುವುದಿಲ್ಲ ಅಲ್ವಾ? ಅವರನ್ನೂ ಹುಡುಕಿ ಪಕ್ಕದಲ್ಲಿ ನಿಲ್ಲಿಸಿ ಹೋಲಿಸಬೇಕು. ಸಂಶೋಧನೆ ಎಂದರೆ ಹೆಚ್ಚುಕಡಿಮೆ ಇದೇ ಕೆಲಸ. ಹಾಗೆ ಹೋಲಿಸಲು ಹೊರಟಾಗ ಊಹೆ ಅಲುಗಾಡಿತು. ಮರಗೆಣಸನ್ನು ಮುಟ್ಟದವರಲ್ಲೂ ಈ ಕಾಯಿಲೆ ಸಿಕ್ಕಿತು. ಆಫ್ರಿಕಾದಲ್ಲಿ ದಿನವೂ ಮರಗೆಣಸು ತಿನ್ನುವ ಕೆಲವು ಕಡೆ ಇದು ಅಪರೂಪವಾಗಿತ್ತು. ಇಲಿಗಳಿಗೆ ಒಂದು ವರ್ಷದವರೆಗೆ ಮರಗೆಣಸು ತಿನ್ನಿಸಿ ನೋಡಿದರು, ಡಯಾಬಿಟಿಸ್ ಬರಲಿಲ್ಲ.

ಆಮೇಲೆ 2002ರ ಸುಮಾರಿಗೆ ಬೇರೆಯೇ ಬಾಗಿಲು ತೆರೆಯಿತು. ಜೀರ್ಣರಸ ಗ್ರಂಥಿಯೊಳಗೇ ಕೆಲಸ ಶುರುಮಾಡಿ ಗ್ರಂಥಿಯನ್ನೇ ಜೀರ್ಣಿಸದ ಹಾಗೆ ನೋಡಿಕೊಳ್ಳುವ ಒಂದು ಬ್ರೇಕ್ ನಮ್ಮೊಳಗೆ ಇದೆ. ಅದನ್ನು ತಯಾರಿಸುವ ಜೀನಿನ ಹೆಸರು ಸ್ಪಿಂಕ್ 1. ಈ ಕಾಯಿಲೆಯ ಎಷ್ಟೋ ಮಂದಿಯಲ್ಲಿ ಆ ಜೀನಿನಲ್ಲಿ ಬದಲಾವಣೆ ಇರುವುದು ಭಾರತ, ಬಾಂಗ್ಲಾದೇಶದ ರೋಗಿಗಳ ಅಧ್ಯಯನಗಳಲ್ಲಿ ಗೊತ್ತಾಯಿತು. ಹಾಗೆಂದು ಜೀನ್ ಒಂದೇ ಸಾಲದು. ಆರೋಗ್ಯವಾಗಿ ಇರುವ ಕೆಲವರಲ್ಲೂ ಅದೇ ಬದಲಾವಣೆ ಇದೆ. ಬೇರೆ ಜೀನುಗಳೂ ಪೌಷ್ಟಿಕತೆಯೂ ಪರಿಸರವೂ ಸೇರಿಯೇ ಇದು ಆಗುತ್ತಿರಬೇಕು.

ಆ ತಾಯಿಗೆ ಇದನ್ನೇ ಸುಲಭ ಮಾಡಿ ಹೇಳಿದೆ. "ಅಮ್ಮ, ನೀವು ಕೊಟ್ಟದ್ದರಿಂದ ಬಂದದ್ದಲ್ಲ. ನಾಲ್ಕು ಮನೆಯವರು ಅದನ್ನೇ ತಿಂದಿದ್ದಾರೆ, ಅವರಿಗೆ ಏನೂ ಆಗಿಲ್ಲ." ಅವರು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಮಗನ ಬೆನ್ನ ಮೇಲೆ ಕೈ ಇಟ್ಟರು. ಅಷ್ಟೊಂದು ವರ್ಷ ಯಾರ‍್ಯಾರೋ ಕೂತು ಲೆಕ್ಕ ಹಾಕಿದ್ದರ ಬೆಲೆ ನನಗೆ ಆವತ್ತು ಗೊತ್ತಾದಷ್ಟು ಓದುವಾಗ ಗೊತ್ತಾಗಿರಲಿಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ಗ್ರಂಥಿಯಲ್ಲಿ ಕಲ್ಲು ಎಂದ ಕೂಡಲೇ ಊರವರು ಕೇಳಿದ್ದು "ಕುಡಿಯುತ್ತಾನಾ?" ಎಂದು. ಹುಡುಗ ಕುಡಿದವನೇ ಅಲ್ಲ. ಮದ್ಯದಿಂದಲೂ ಈ ಗ್ರಂಥಿ ಕೆಡುವುದು ನಿಜ, ಆದರೆ ಇದು ಆ ಜಾತಿಯದ್ದಲ್ಲ.

ಇತ್ತೀಚೆಗೆ ಪತ್ರಿಕೆಗಳಲ್ಲಿ ಟೈಪ್ 5 ಡಯಾಬಿಟಿಸ್ ಎಂದು ಓದಿರುತ್ತೀರಿ. ಅಪೌಷ್ಟಿಕತೆಗೆ ಸಂಬಂಧಿಸಿದ ಸಕ್ಕರೆ ಕಾಯಿಲೆಯನ್ನು ವಿಶ್ವ ಆರೋಗ್ಯ ಸಂಸ್ಥೆ 1985ರಲ್ಲಿ ಪಟ್ಟಿಗೆ ಸೇರಿಸಿ 1999ರಲ್ಲಿ ಕೈಬಿಟ್ಟಿತ್ತು. ಅಂತಾರಾಷ್ಟ್ರೀಯ ಡಯಾಬಿಟಿಸ್ ಫೆಡರೇಶನ್ 2025ರಲ್ಲಿ ಅದಕ್ಕೆ ಈ ಹೊಸ ಹೆಸರು ಕೊಟ್ಟಿದೆ. ಕಲ್ಲಿನ ಈ ಕಾಯಿಲೆ ಮತ್ತು ಅದು ಒಂದೇ ಅಲ್ಲ. 1999ರಲ್ಲೇ ಕಲ್ಲಿನದ್ದನ್ನು ಗ್ರಂಥಿಯ ರೋಗಗಳ ಗುಂಪಿಗೆ ಹಾಕಿದ್ದಾರೆ.

ಹುಡುಗನಿಗೆ ಇನ್ಸುಲಿನ್ ಶುರು ಮಾಡಿದೆವು. ಜೊತೆಗೆ ಜೀರ್ಣರಸದ ಕ್ಯಾಪ್ಸೂಲ್. ಅದನ್ನು ಊಟದ ತುತ್ತಿನ ಜೊತೆಗೇ ತೆಗೆದುಕೊಳ್ಳಬೇಕು. ಖಾಲಿ ಹೊಟ್ಟೆಗೆ ನುಂಗಿದರೆ ದುಡ್ಡು ದಂಡ. ವಿಟಮಿನ್ ಡಿ ಕೂಡ ಕಡಿಮೆ ಇತ್ತು. ಕೊಬ್ಬು ಜೀರ್ಣವಾಗದಿದ್ದರೆ ಅದರಲ್ಲಿ ಕರಗುವ ವಿಟಮಿನ್ನುಗಳೂ ಹೊರಗೆ ಹೋಗುತ್ತವೆ. ನನಗೆ ಜಾಸ್ತಿ ಚಿಂತೆ ಆದದ್ದು ಅವನ ಕೆಲಸದ ಸಮಯದ್ದು. ಬೆಳಗಿನ ಜಾವ ನಾಲ್ಕಕ್ಕೆ ಏನೂ ತಿನ್ನದೆ ಬುಟ್ಟಿ ಹೊರುತ್ತಾನೆ. ಇಂಥವರಲ್ಲಿ ಶುಗರ್ ಇಳಿದಾಗ ಅದನ್ನು ಮೇಲೆತ್ತುವ ಗ್ಲುಕಗಾನ್ ಹಾರ್ಮೋನೂ ಕಡಿಮೆ ಇರುತ್ತದೆ, ಅದೂ ಇದೇ ಗ್ರಂಥಿಯದ್ದೇ. ಹಾಗಾಗಿ ಕುಚ್ಚಲಕ್ಕಿ ಗಂಜಿ ಕುಡಿದೇ ಮನೆ ಬಿಡಬೇಕು, ಕಿಸೆಯಲ್ಲಿ ಬೆಲ್ಲ ಇರಬೇಕು ಎಂದು ಎರಡೆರಡು ಸಲ ಹೇಳಿದೆ. ಮುಂದೆ ಗ್ರಂಥಿಯ ಕ್ಯಾನ್ಸರಿನ ಅಪಾಯವೂ ಇವರಿಗೆ ಜಾಸ್ತಿ. ಹೊಸದಾಗಿ ನೋವು ಬಂದರೆ, ತೂಕ ಮತ್ತೆ ಇಳಿದರೆ ಕಾಯದೆ ಬರಬೇಕು.

ಇದನ್ನು ಬರೆಯಲು ಇಬ್ಬರ ಒಪ್ಪಿಗೆ ಕೇಳಿದ್ದೇನೆ. "ಅವನ ಫೋಟೋ ಬರುತ್ತದಾ?" ಎಂದು ತಾಯಿ ಕೇಳಿದರು. ಇಲ್ಲ. ನಮ್ಮದು ಸಣ್ಣ ಊರು. ವಯಸ್ಸು, ಕೆಲಸ, ಊರು ಮೂರು ಸೇರಿದರೆ ಯಾರೆಂದು ಗೊತ್ತಾಗಿಬಿಡುತ್ತದೆ. ಹಾಗಾಗಿ ಕೆಲವು ವಿವರ ಬದಲಿಸಿದ್ದೇನೆ.

ನಾಲ್ಕು ತಿಂಗಳಲ್ಲಿ ಅವನು ಐದು ಕೆಜಿ ಏರಿದ್ದಾನೆ. ಕಳೆದ ವಾರ ಬಂದಾಗ ತಾಯಿ ಬಾಗಿಲ ತನಕ ಹೋಗಿ ಮತ್ತೆ ಒಳಗೆ ಬಂದರು. ಹುಡುಗನ ತಂಗಿಗೆ ಈಗ 14 ವರ್ಷ. ಎರಡು ತಿಂಗಳಿಗೊಮ್ಮೆ ಹೊಟ್ಟೆನೋವು ಎಂದು ಶಾಲೆ ತಪ್ಪಿಸುತ್ತಾಳಂತೆ. ಕೆಲವು ಮನೆಗಳಲ್ಲಿ ಒಡಹುಟ್ಟಿದವರಿಗೂ ಇದು ಬರುವುದುಂಟು. ಸೋಮವಾರ ಅವಳನ್ನು ಅಲ್ಟ್ರಾಸೌಂಡಿಗೆ ಕರೆದುಕೊಂಡು ಬರಲು ಹೇಳಿದ್ದೇನೆ.