ಒಳಗೆ ಬರೋದು, ಕೂತು ಓದೋದು, ಮನೆಗೆ ಒಯ್ಯೋದು: ಸರ್ಕಾರಿ ಕಾನೂನು ಗ್ರಂಥಾಲಯಗಳ ಬಗ್ಗೆ ಒಂದು ಅಧ್ಯಯನ ಟಿಪ್ಪಣಿ

ಲೈಬ್ರರಿ ಸೈನ್ಸ್‌ನಲ್ಲಿ ಕಾನೂನು ಗ್ರಂಥಾಲಯಗಳ ಪಾಠ ಬಂದಾಗ ಅಮೆರಿಕದ ಉದಾಹರಣೆಗಳೇ ಜಾಸ್ತಿ ಸಿಗುತ್ತವೆ. ಯಾರಿಗೆ ಬಾಗಿಲು ತೆರೆಯಬೇಕು ಅನ್ನೋದನ್ನು ಅಲ್ಲಿ ಎಷ್ಟೋ ಕಡೆ ಕಾಯಿದೆಯಲ್ಲೇ ಬರೆದಿಟ್ಟಿದ್ದಾರೆ. ಹಾಗಾಗಿ ಈ ಟಿಪ್ಪಣಿಯೂ ಹೆಚ್ಚಾಗಿ ಅಲ್ಲಿಯದೇ. ವರ್ಗೀಕರಣ, ಕ್ಯಾಟಲಾಗ್ ಎಲ್ಲ ನಿಮಗೆ ಗೊತ್ತಿರುತ್ತೆ, ಅದನ್ನು ಮುಟ್ಟಿಲ್ಲ.

ನಮ್ಮೂರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಠೇವಣಿ ಕಟ್ಟಿ, ಕಾರ್ಡ್ ಮಾಡಿಸಿ, ಪುಸ್ತಕ ಮನೆಗೆ ತಂದು ಅಭ್ಯಾಸ ಇರೋರಿಗೆ 'ಸಾರ್ವಜನಿಕರಿಗೆ ಮುಕ್ತ' ಅಂದರೆ ಎರವಲೂ ಸಿಗುತ್ತೆ ಅನಿಸುತ್ತೆ. ಕಾನೂನು ಗ್ರಂಥಾಲಯದಲ್ಲಿ ಆ ಲೆಕ್ಕ ನಡೆಯೋಲ್ಲ. ಅಲ್ಲಿ ಮೂರು ಪ್ರಶ್ನೆ ಬಿಡಿಬಿಡಿಯಾಗಿ ಕೇಳಬೇಕು. ಒಳಗೆ ಯಾರು ಬರಬಹುದು? ಕೂತು ಯಾರು ಓದಬಹುದು? ಮನೆಗೆ ಯಾರು ಒಯ್ಯಬಹುದು? ಒಂದಕ್ಕೆ 'ಎಲ್ಲರೂ' ಅಂತ ಉತ್ತರ ಬಂದ ಮಾತ್ರಕ್ಕೆ ಉಳಿದೆರಡಕ್ಕೂ ಅದೇ ಉತ್ತರ ಅಂತಲ್ಲ.

ವಾಷಿಂಗ್ಟನ್‌ನ ದೊಡ್ಡ ಗ್ರಂಥಾಲಯ

ಲೈಬ್ರರಿ ಆಫ್ ಕಾಂಗ್ರೆಸ್ ಅಂದರೆ ಅಮೆರಿಕದ ಸಂಸತ್ತಿನ ಗ್ರಂಥಾಲಯ. ಅದರ ಕಾನೂನು ವಿಭಾಗ ಶುರುವಾಗಿದ್ದು 1832ರ ಜುಲೈ 14ರಂದು, ಸಂಸತ್ತಿನ ಒಂದು ಕಾಯಿದೆಯಿಂದ. ಆಗ ಅಲ್ಲಿಗೆ ಸೇರಿದ್ದು 2,011 ಪುಸ್ತಕ. ಅದರಲ್ಲಿ 639 ಥಾಮಸ್ ಜೆಫರ್ಸನ್ ಅವರ ಸಂಗ್ರಹದಿಂದ ಬಂದವು. ಆಗ ಅದು ಸಂಸತ್ ಸದಸ್ಯರಿಗೆ, ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳಿಗೆ ಅಂತಲೇ ಇದ್ದದ್ದು. ಈಗ 16 ವರ್ಷ ದಾಟಿದ ಯಾರು ಬೇಕಾದರೂ ಫೋಟೊ ಇರುವ ಗುರುತಿನ ಚೀಟಿ ತೋರಿಸಿ, ಓದುಗರ ಕಾರ್ಡ್ ಪುಕ್ಕಟೆ ಮಾಡಿಸಿಕೊಂಡು, ಮ್ಯಾಡಿಸನ್ ಕಟ್ಟಡದ ಕಾನೂನು ವಾಚನಾಲಯದಲ್ಲಿ ಕೂತು ಓದಬಹುದು. ವಕೀಲರೇ ಆಗಿರಬೇಕಿಲ್ಲ. ಆದರೆ ಪುಸ್ತಕ ಹೊರಗೆ ತರುವಂತಿಲ್ಲ. ಬೇರೆ ಊರಿನ ಗ್ರಂಥಾಲಯದ ಮೂಲಕ ತರಿಸಿಕೊಂಡರೂ ಆ ಗ್ರಂಥಾಲಯದ ಒಳಗೇ ಕೂತು ಓದಬೇಕು. ಎರವಲು ಸಂಸತ್ ಸದಸ್ಯರಂಥ ಕೆಲವರಿಗೆ ಮಾತ್ರ.

ಇಲ್ಲಿ ಒಂದು ಖುಷಿಯ ಸಂಗತಿ ಸೇರಿಸಲೇಬೇಕು. ಈ ಗ್ರಂಥಾಲಯ 1962ರಿಂದ ದೆಹಲಿಯಲ್ಲಿ ಕಚೇರಿ ಇಟ್ಟುಕೊಂಡು ಭಾರತದ ಪುಸ್ತಕಗಳನ್ನು ಕೊಳ್ಳುತ್ತಿದೆ. ಕನ್ನಡ ಪುಸ್ತಕಗಳೂ ಆ ದಾರಿಯಲ್ಲೇ ಅಲ್ಲಿಗೆ ಹೋಗಿ ಸೇರುತ್ತವೆ.

ನಾನು ಹಿಡಿದಿರುವ ಸುಲಭ ದಾರಿ: ದುಡ್ಡು ಯಾರದು ಅಂತ ನೋಡಿ

ಪ್ರತಿ ಗ್ರಂಥಾಲಯದ ನಿಯಮ ಬಾಯಿಪಾಠ ಮಾಡೋದು ಆಗದ ಮಾತು. ಅದರ ಬದಲು, ಈ ಕಪಾಟು ತುಂಬಿದ್ದು ಯಾರ ದುಡ್ಡಿನಿಂದ, ಯಾರು ಕೊಟ್ಟ ಪುಸ್ತಕದಿಂದ ಅಂತ ಮೊದಲು ನೋಡಿ. ಬಾಗಿಲು ಯಾರಿಗೆ ಅನ್ನೋದು ಬಹುಮಟ್ಟಿಗೆ ಅಲ್ಲೇ ತಿಳಿಯುತ್ತೆ.

ಇದಕ್ಕೆ ಕ್ಯಾಲಿಫೋರ್ನಿಯಾ ಒಳ್ಳೆ ಉದಾಹರಣೆ. ಅಲ್ಲಿ 58 ಕೌಂಟಿ, ಅಂದರೆ ನಮ್ಮ ಜಿಲ್ಲೆಗಳಿದ್ದ ಹಾಗೆ. 1891ರ ಕಾಯಿದೆಯಿಂದ ಕೌಂಟಿ ಕಾನೂನು ಗ್ರಂಥಾಲಯಗಳ ವ್ಯವಸ್ಥೆ ಬೆಳೆಯಿತು. ಇವುಗಳ ಮುಖ್ಯ ಆದಾಯ, ಜನ ಸಿವಿಲ್ ಕೇಸ್ ಹಾಕುವಾಗ ಕೋರ್ಟಿಗೆ ಕಟ್ಟುವ ಶುಲ್ಕದ ಒಂದು ಪಾಲು. ಮನೆ ಮಾಲೀಕನ ಮೇಲೆ ಕೇಸ್ ಹಾಕಿದ ಬಾಡಿಗೆದಾರನ ಕಾಸೂ ಅದರಲ್ಲಿ ಸೇರಿರುತ್ತೆ. ಹಾಗಾಗಿ ಕಾಯಿದೆಯೂ ನ್ಯಾಯಾಧೀಶರು, ಅಧಿಕಾರಿಗಳು, ವಕೀಲರ ಜೊತೆಗೆ ಕೌಂಟಿಯ ಎಲ್ಲ ನಿವಾಸಿಗಳಿಗೂ ಪುಸ್ತಕಗಳನ್ನು ಅಲ್ಲೇ ನೋಡಲು ಪುಕ್ಕಟೆ ಅವಕಾಶ ಇರಬೇಕು ಅನ್ನುತ್ತೆ.

'ಅಲ್ಲೇ' ಅನ್ನೋ ಪದಕ್ಕೆ ಅಡಿಗೆರೆ ಹಾಕಿಕೊಳ್ಳಿ. ಹೊರಗೆ ಒಯ್ಯೋದು ಗ್ರಂಥಾಲಯದ ಟ್ರಸ್ಟಿಗಳ ಮಂಡಳಿಗೆ ಬಿಟ್ಟದ್ದು. ಮಂಡಳಿ ಬೇಕಿದ್ದರೆ ಬಿಡಬಹುದು, ಠೇವಣಿ ಕೇಳಬಹುದು, ತಡವಾದರೆ ದಂಡ ಹಾಕಬಹುದು. ಅಂದರೆ ಓದೋದು ಹಕ್ಕು, ಒಯ್ಯೋದು ಮಂಡಳಿ ಕೊಟ್ಟರೆ ಉಂಟು.

ತಲೆ ತಿನ್ನುವ ಭಾಗ: ಡಿಪಾಸಿಟರಿ ಗ್ರಂಥಾಲಯಗಳು

ಇಲ್ಲಿ ನಿಧಾನವಾಗಿ ಹೋಗೋಣ. ಅಮೆರಿಕದ ಕೇಂದ್ರ ಸರ್ಕಾರ ತಾನು ಅಚ್ಚು ಹಾಕಿಸಿದ್ದನ್ನು ದೇಶದ ಅನೇಕ ಗ್ರಂಥಾಲಯಗಳಿಗೆ ದುಡ್ಡಿಲ್ಲದೆ ಕೊಡುತ್ತೆ. ಹಾಗೆ ಪಡೆಯುವ ಗ್ರಂಥಾಲಯಕ್ಕೆ ಡಿಪಾಸಿಟರಿ ಅಂತ ಹೆಸರು. ಕೊಟ್ಟ ಪುಸ್ತಕ ಸರ್ಕಾರದ ಸ್ವತ್ತಾಗಿಯೇ ಉಳಿಯುತ್ತೆ.

ಅವರ ಕಾನೂನು ಸಂಹಿತೆಯ 44ನೇ ಭಾಗದಲ್ಲಿ ಇದಕ್ಕೆ ಸಂಬಂಧಿಸಿದ ಸೆಕ್ಷನ್‌ಗಳಿವೆ. 1911ನೇ ಸೆಕ್ಷನ್ ಮೂಲ ನಿಯಮ. ಡಿಪಾಸಿಟರಿಗಳು ಸರ್ಕಾರಿ ಪ್ರಕಟಣೆಗಳನ್ನು ಸಾಮಾನ್ಯ ಜನರ ಪುಕ್ಕಟೆ ಬಳಕೆಗೆ ಇಡಬೇಕು ಅನ್ನುತ್ತೆ. ಇಲ್ಲಿವರೆಗೆ ಸುಲಭ.

1972ರಲ್ಲಿ 1915ನೇ ಸೆಕ್ಷನ್ ಬಂತು. ಒಂದು ರಾಜ್ಯದ ಅತ್ಯುನ್ನತ ನ್ಯಾಯಾಲಯ ಕೇಳಿಕೊಂಡರೆ ಅದರ ಗ್ರಂಥಾಲಯವೂ ಡಿಪಾಸಿಟರಿ ಆಗಬಹುದು. ಆದರೆ ಅದರ ಕೊನೆಯ ವಾಕ್ಯ ನೋಡಿ: ಇಂಥ ಗ್ರಂಥಾಲಯಕ್ಕೆ 1911ನೇ ಸೆಕ್ಷನ್ ಅನ್ವಯಿಸುವುದಿಲ್ಲ. 1978ರಲ್ಲಿ 1916ನೇ ಸೆಕ್ಷನ್ ಬಂತು. ಮಾನ್ಯತೆ ಪಡೆದ ಕಾನೂನು ಕಾಲೇಜುಗಳಿಗೂ ಅದೇ ಅವಕಾಶ. ಆದರೆ ಇದರಲ್ಲಿ ಆ ವಿನಾಯಿತಿಯ ವಾಕ್ಯ ಇಲ್ಲ.

ಈಗ ಮೂರನ್ನೂ ಜೋಡಿಸಿ. ಒಂದು ಖಾಸಗಿ ಕಾನೂನು ಕಾಲೇಜು ಡಿಪಾಸಿಟರಿ ಆಗಿದ್ದರೆ, ಬೀದಿಯಲ್ಲಿ ಹೋಗುವವರು ಯಾರೇ ಬಂದು ಕೇಳಿದರೂ ಆ ಸರ್ಕಾರಿ ಪ್ರಕಟಣೆಗಳನ್ನು ತೋರಿಸಲೇಬೇಕು. ರಾಜ್ಯದ ಸರ್ವೋಚ್ಚ ನ್ಯಾಯಾಲಯದ ಗ್ರಂಥಾಲಯ ಪೂರ್ತಿ ಸರ್ಕಾರಿ. ಅದೇ ಪ್ರಕಟಣೆಯನ್ನು ಅದು ಈ ಸೆಕ್ಷನ್ ಪ್ರಕಾರ ತೋರಿಸಲೇಬೇಕು ಅಂತಿಲ್ಲ! ಖಾಸಗಿ ಅಂದರೆ ಮುಚ್ಚಿದ್ದು, ಸರ್ಕಾರಿ ಅಂದರೆ ತೆರೆದದ್ದು ಅನ್ನೋ ನಮ್ಮ ಎಣಿಕೆ ಇಲ್ಲಿ ತಲೆಕೆಳಗು. ಕಾರಣ ಊಹಿಸೋದು ಕಷ್ಟವಲ್ಲ. ಕೋರ್ಟಿನ ಗ್ರಂಥಾಲಯ ಇರೋದು ತೀರ್ಪು ಬರೆಯುವವರ ಕೆಲಸಕ್ಕೆ.

ಇಲ್ಲಿ ಇನ್ನೆರಡು ಎಚ್ಚರ ಬೇಕು. ವಿನಾಯಿತಿ ಇದೆ ಅಂದ ಮಾತ್ರಕ್ಕೆ ಬಾಗಿಲು ಹಾಕಿದೆ ಅಂತಲ್ಲ. ತಾವಾಗಿಯೇ ಜನರನ್ನು ಬಿಟ್ಟುಕೊಳ್ಳುವ ಕೋರ್ಟ್ ಗ್ರಂಥಾಲಯಗಳೂ ಅಲ್ಲಿವೆ. ಎರಡನೆಯದು, ಕಾಲೇಜಿನ ಮೇಲಿರುವ ಕಟ್ಟುಪಾಡು ಸರ್ಕಾರ ಕೊಟ್ಟ ಪುಸ್ತಕಗಳಿಗೆ ಮಾತ್ರ. ಅದು ಸ್ವಂತ ದುಡ್ಡಲ್ಲಿ ಕೊಂಡ ಪಠ್ಯಗಳಿಗೆ ಅದರದೇ ನಿಯಮ. ಜೊತೆಗೆ 1911ನೇ ಸೆಕ್ಷನ್ ಹೇಳುವ 'ಪುಕ್ಕಟೆ ಬಳಕೆ' ಎರವಲು ಅಲ್ಲ. ಹೊರಗೆ ಕೊಡಬೇಕೋ ಬೇಡವೋ ಆಯಾ ಗ್ರಂಥಾಲಯವೇ ತೀರ್ಮಾನಿಸುತ್ತೆ. ಮೂರು ಪ್ರಶ್ನೆ ಬೇರೆ ಬೇರೆ ಕೇಳಿ ಅಂದಿದ್ದು ಇದಕ್ಕೇ.

ಹೊರಗೆ ಯಾಕೆ ಕೊಡಲ್ಲ?

ಅಮೆರಿಕದ ಕಾನೂನು ಪುಸ್ತಕದ ಹಿಂದಿನ ರಟ್ಟಿನ ಒಳಭಾಗದಲ್ಲಿ ಒಂದು ಸೀಳು ಇರುತ್ತೆ. ವರ್ಷಕ್ಕೊಮ್ಮೆ ಬರುವ ತೆಳ್ಳನೆ ಪುರವಣಿಯನ್ನು ಅದರೊಳಗೆ ಸಿಕ್ಕಿಸುತ್ತಾರೆ. ಹೆಸರು ಪಾಕೆಟ್ ಪಾರ್ಟ್. ತಿದ್ದುಪಡಿಗಳು, ಹೊಸ ತೀರ್ಪುಗಳು ಅದರಲ್ಲಿರುತ್ತವೆ. ಇನ್ನು ಕೆಲವು ಪುಸ್ತಕಗಳಿಗೆ ಹೊಲಿಗೆಯೇ ಇರೋಲ್ಲ. ರಿಂಗ್ ಬೈಂಡರ್ ಬಿಚ್ಚಿ ಹಳೇ ಹಾಳೆ ತೆಗೆದು ಹೊಸದು ಹಾಕುತ್ತಾರೆ. ಪುರವಣಿ ಬಂದಾಗ ಪುಸ್ತಕ ಯಾರದೋ ಮನೆಯಲ್ಲಿದ್ದರೆ? ಮುಂದೆ ಓದುವವರು ರದ್ದಾದ ಕಾನೂನನ್ನೇ ನಂಬಿ ಅರ್ಜಿ ಬರೆಯುತ್ತಾರೆ. ತೀರ್ಪಿನ ವರದಿಗಳದ್ದು, ಅಂದರೆ ತೀರ್ಪುಗಳನ್ನು ಸಾಲಾಗಿ ಅಚ್ಚು ಹಾಕಿದ ಸಂಪುಟಗಳದ್ದು, ಇನ್ನೊಂದು ಕಷ್ಟ. ಒಂದು ಸಂಪುಟ ಹೋದರೂ ಸಾಲು ಮುರಿಯುತ್ತೆ, ನಾಳೆ ಬೆಳಿಗ್ಗೆ ವಾದ ಇರುವವರಿಗೆ ಅದೇ ಸಂಪುಟ ಬೇಕಾಗಿರುತ್ತೆ. ಹಾಗಾಗಿ ಎರವಲು ಕೊಡುವ ಕಡೆ ವಿವರಣೆಯ ಪುಸ್ತಕಗಳು ಹೊರಗೆ ಹೋಗಬಹುದು, ವರದಿ ಮತ್ತು ಸಂಹಿತೆಗಳು ಸಾಮಾನ್ಯವಾಗಿ ಹೋಗೋಲ್ಲ.

ನಮ್ಮಲ್ಲಿ

ದುಡ್ಡಿನ ಸೂತ್ರ ಇಲ್ಲೂ ಕೆಲಸ ಮಾಡುತ್ತೆ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯಿದೆ 1965ರದ್ದು. ನಮ್ಮ ಆಸ್ತಿ ತೆರಿಗೆ ರಸೀದಿಯಲ್ಲಿ ಗ್ರಂಥಾಲಯ ಕರ ಅಂತ ಒಂದು ಸಾಲು ಇರೋದು ಅದರಿಂದಲೇ. ದುಡ್ಡು ಎಲ್ಲರದು, ಬಾಗಿಲೂ ಎಲ್ಲರಿಗೆ. ವಕೀಲರ ಸಂಘದ ಗ್ರಂಥಾಲಯ ಸದಸ್ಯರ ಚಂದಾದಲ್ಲಿ ನಡೆಯುತ್ತೆ, ಅದು ಸದಸ್ಯರಿಗೆ. ನ್ಯಾಯಾಧೀಶರ ಗ್ರಂಥಾಲಯ ಕೋರ್ಟಿನ ಕೆಲಸಕ್ಕೆ.

ಸರ್ಕಾರಿ ಸಂಸ್ಥೆಯೊಂದರ ಗ್ರಂಥಾಲಯ ನಮಗೆ ತೆರೆದಿದೆಯೋ ಇಲ್ಲವೋ ಗೊತ್ತಾಗದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆ ನೆನಪಿರಲಿ. ಅದರ 4(1)(ಬಿ) ಅಡಿಯ 15ನೇ ಅಂಶದ ಪ್ರಕಾರ, ಸಾರ್ವಜನಿಕ ಬಳಕೆಗೆ ಗ್ರಂಥಾಲಯ ಅಥವಾ ವಾಚನಾಲಯ ಇದ್ದರೆ ಅದರ ಕೆಲಸದ ವೇಳೆಯನ್ನು ಸಂಸ್ಥೆ ತಾನಾಗಿಯೇ ಪ್ರಕಟಿಸಬೇಕು. ಎರವಲಿನ ಮಾತು ಅಲ್ಲಿಲ್ಲ. ಅರ್ಜಿ ಹಾಕುವುದಾದರೆ ಮೂರೂ ಪ್ರಶ್ನೆಯನ್ನು ಬೇರೆ ಬೇರೆ ಸಾಲಲ್ಲಿ ಬರೆಯಿರಿ.

ಪುಸ್ತಕ ಹೊರಗೆ ಕೊಡಲ್ಲ ಅಂದರೆ ಜೆರಾಕ್ಸ್ ಕೇಳಿ. ನಮ್ಮ ಹಕ್ಕುಸ್ವಾಮ್ಯ ಕಾಯಿದೆಯ 52ನೇ ಸೆಕ್ಷನ್ ಪ್ರಕಾರ, ಕೋರ್ಟೇ ತಡೆದಿದ್ದರೆ ಬಿಟ್ಟು, ತೀರ್ಪಿನ ಪ್ರತಿ ಮಾಡಲು ಅಡ್ಡಿಯಿಲ್ಲ. ಖಾಸಗಿ ಪ್ರಕಾಶಕರು ತೀರ್ಪಿನ ಮೇಲ್ಭಾಗದಲ್ಲಿ ಬರೆದ ಸಾರಾಂಶ, ಅಂದರೆ ಹೆಡ್‌ನೋಟ್, ಮಾತ್ರ ಅವರದ್ದು. ಬೇಕಾದದ್ದು ಸುಪ್ರೀಂ ಕೋರ್ಟಿನ ತೀರ್ಪೇ ಆದರೆ 2023ರ ಜನವರಿಯಲ್ಲಿ ಶುರುವಾದ ಇ-ಎಸ್‌ಸಿಆರ್ ಅನ್ನೋ ಆನ್‌ಲೈನ್ ಸಂಗ್ರಹದಲ್ಲಿ ಮೊದಲು ಹುಡುಕಿ. ಅಧಿಕೃತ ವರದಿ ಅಲ್ಲಿ ಪುಕ್ಕಟೆ ಸಿಗುತ್ತೆ, ಯಾವ ಕಾರ್ಡೂ ಬೇಡ.