ಪಟ್ಟದಕಲ್ಲಿನಲ್ಲಿ ರಾಜನಿಗಿಂತ ಮೊದಲು ರಾಣಿಯನ್ನು ಹುಡುಕಿ

ಪಟ್ಟದಕಲ್ಲಿಗೆ ಹೋದವರು ಸಾಮಾನ್ಯವಾಗಿ ಕೇಳಿಕೊಂಡು ಬರುವುದು ಇಷ್ಟು: ಚಾಲುಕ್ಯ ದೊರೆ ಎರಡನೇ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ, ಆ ಖುಷಿಗೆ ವಿರೂಪಾಕ್ಷ ಗುಡಿ ಕಟ್ಟಿಸಿದ. ಶಾಸನ ಓದುವುದೇ ನನ್ನ ಕಸುಬು, ಹಾಗಾಗಿ ಇದನ್ನು ಕೇಳಿ ಸುಮ್ನೆ ಇರೋಕೆ ಆಗುವುದಿಲ್ಲ. ಗುಡಿ ಕಟ್ಟಿಸಿದ್ದು ಅವನ ರಾಣಿ ಲೋಕಮಹಾದೇವಿ, ಕ್ರಿ.ಶ. 740ರ ಆಸುಪಾಸಿನಲ್ಲಿ. ದೇವರಿಗೆ ಆಗ ಇದ್ದ ಹೆಸರೂ ಲೋಕೇಶ್ವರ. ವಿರೂಪಾಕ್ಷ ಆಮೇಲೆ ಬಂದ ಹೆಸರು. ಪಕ್ಕದ ಮಲ್ಲಿಕಾರ್ಜುನ ಗುಡಿಯೂ ಅಷ್ಟೇ, ಅದು ಅವಳ ತಂಗಿ, ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿಯದು.

ವಿರೂಪಾಕ್ಷ ಗುಡಿಯ ಪೂರ್ವ ದ್ವಾರದ ಶಾಸನದಲ್ಲಿ ರಾಜ ಬರುತ್ತಾನೆ, ಇಲ್ಲ ಅಂತಲ್ಲ. ಕಂಚಿಯನ್ನು ಮೂರು ಸಲ ಗೆದ್ದವನು ಅಂತ ಹೊಗಳಿಕೆಯೂ ಇದೆ. ಆದರೆ ಶಾಸನ ಬರೆಸಿದ್ದೇ ಗುಡಿ ಕಟ್ಟಿದ ಸೂತ್ರಧಾರಿಗೆ, ಅಂದರೆ ಮುಖ್ಯ ಶಿಲ್ಪಿಗೆ, ಮಾಡಿದ ಸನ್ಮಾನವನ್ನು ಹೇಳುವುದಕ್ಕೆ! ಅವನ ಹೆಸರು ಗುಂಡ ಅನಿವಾರಿತಾಚಾರಿ. ಅವನಿಗೆ ಪೆರ್ಜೆಱೆಪು ಎಂಬ ಗೌರವದ ಪಟ್ಟ ಕಟ್ಟಿ ತ್ರಿಭುವನಾಚಾರಿ ಅನ್ನುವ ಬಿರುದು ಕೊಟ್ಟರು. ಇನ್ನೊಬ್ಬ ಸರ್ವಸಿದ್ಧಿ ಆಚಾರಿ, ಅವನನ್ನು ತೆಂಕಣ ದಿಶೆಯ, ಅಂದರೆ ದಕ್ಷಿಣ ದಿಕ್ಕಿನ, ಸೂತ್ರಧಾರಿ ಎಂದು ಕರೆದಿದ್ದಾರೆ. ಕಂಚಿಯಿಂದ ಶಿಲ್ಪಿಗಳನ್ನು ಸೆರೆ ಹಿಡಿದು ತಂದರು ಅನ್ನುವ ಕಥೆ ಈ ಶಾಸನಗಳಲ್ಲಿ ಇಲ್ಲ. ಕಂಚಿಯ ಕೈಲಾಸನಾಥ ಗುಡಿಗೂ ಇದಕ್ಕೂ ಹೋಲಿಕೆ ಇರುವುದು ನಿಜ. ಅದೇ ಕೈಲಾಸನಾಥದಲ್ಲಿ ವಿಕ್ರಮಾದಿತ್ಯನ ಕನ್ನಡ ಶಾಸನವೂ ಇದೆ, ಗುಡಿಯ ಸಂಪತ್ತನ್ನು ದೋಚದೆ ದೇವರಿಗೇ ಬಿಟ್ಟುಕೊಟ್ಟ ಅಂತ. ಗೆದ್ದ ಊರಿನಲ್ಲಿ ಹೋಗಿ ಕನ್ನಡದಲ್ಲಿ ಬರೆಸಿದ್ದಾನೆ ನೋಡಿ!

ನನಗೆ ಜಾಸ್ತಿ ಇಷ್ಟವಾದದ್ದು ಹಾಡುಗಾರರ ಶಾಸನ. ತನ್ನ ಮಾವ, ಅಂದರೆ ಗಂಡನ ತಂದೆ, ವಿಜಯಾದಿತ್ಯ ಗಂಧರ್ವರಿಗೆ, ಅಂದರೆ ಗಾಯಕರಿಗೆ, ಮಾಡಿಕೊಟ್ಟಿದ್ದ ಕಟ್ಟಳೆಯನ್ನು ಲೋಕಮಹಾದೇವಿ ಹಾಗೇ ಉಳಿಸಿಕೊಟ್ಟಳು. ಗುಡಿ ಅಂದರೆ ಬರೀ ಕಲ್ಲಲ್ಲ, ಅದನ್ನು ನಂಬಿಕೊಂಡ ಮನೆಗಳೂ ಇರುತ್ತವೆ ಅಲ್ವಾ, ಅವರ ಹೊಟ್ಟೆಪಾಡಿನ ಲೆಕ್ಕ ಇದು. ಪಟ್ಟದಕಲ್ಲಿನ ದೊಡ್ಡ ಗುಡಿಗಳಲ್ಲಿ ಇವತ್ತಿಗೂ ಪೂಜೆ ನಡೆಯುವುದು ಈ ವಿರೂಪಾಕ್ಷ ಗುಡಿಯಲ್ಲೇ. ಎದುರಿನ ಮಂಟಪದ ಕರಿಕಲ್ಲಿನ ನಂದಿಗೆ ಕೆಂಪು ಬಟ್ಟೆ ಹೊದಿಸುತ್ತಾರೆ.

ಅಕ್ಷರ ನೋಡಬೇಕೆಂದರೆ ನೆತ್ತಿ ಬಿಸಿಲಿನಲ್ಲಿ ಹೋಗಬೇಡಿ. ಓರೆ ಬೆಳಕು ಬೇಕು. ಮೊಬೈಲ್ ಟಾರ್ಚನ್ನು ಪಕ್ಕದಿಂದ ಹಿಡಿದರೂ ಸಾಕು, ಗೆರೆಗಳು ಎದ್ದು ಕಾಣುತ್ತವೆ. ಆದರೆ ಸೀಮೆಸುಣ್ಣ, ಹಿಟ್ಟು, ಎಣ್ಣೆ ಏನನ್ನೂ ಹಚ್ಚಬೇಡಿ. ಇದು ಮರಳುಗಲ್ಲು, ಉಜ್ಜಿದರೆ ಪುಡಿ ಉದುರುತ್ತದೆ, ಅದರ ಜೊತೆಗೆ ಅಕ್ಷರವೂ ಹೋಗುತ್ತದೆ. ನಾವು ಅಚ್ಚು ತೆಗೆಯುವಾಗಲೂ ಒದ್ದೆ ಕಾಗದ ಹಾಸಿ, ಬ್ರಷ್‌ನಿಂದ ಮೆಲ್ಲಗೆ ತಟ್ಟಿ, ಮಸಿಯನ್ನು ಕಾಗದದ ಮೇಲೆ ಮಾತ್ರ ಒತ್ತುತ್ತೇವೆ.

ಹಾಗೇ ತ್ರಿಶೂಲದ ಶಾಸನಕಂಬವನ್ನೂ ನೋಡಿ ಬನ್ನಿ. ಕ್ರಿ.ಶ. 754ರದು, ಮುಂದಿನ ರಾಜ ಎರಡನೇ ಕೀರ್ತಿವರ್ಮನ ಕಾಲದ್ದು. ಗಂಗೆಯ ಉತ್ತರ ದಡದ ನಾಡಿನಿಂದ ಬಂದ ಜ್ಞಾನಶಿವಾಚಾರ್ಯ ಎಂಬ ಗುರು ನೆಡಿಸಿದ್ದು. ಒಂದೇ ಸಂಸ್ಕೃತ ಮಾತನ್ನು ಉತ್ತರದ ಸಿದ್ಧಮಾತೃಕಾ ಲಿಪಿಯಲ್ಲಿ ಒಮ್ಮೆ, ಇಲ್ಲಿನ ಲಿಪಿಯಲ್ಲಿ ಇನ್ನೊಮ್ಮೆ ಕೆತ್ತಿಸಿದ್ದಾರೆ. ಈ ಗುಡಿಗಳನ್ನು ಕಟ್ಟಿಸಿದ ಇಬ್ಬರು ರಾಣಿಯರ ಹೆಸರೂ ಅದರಲ್ಲಿದೆ.